ತುಂಬಿದ ಗಾಡಿ, ಖಾಲಿ ಗಾಡಿ

ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸನ್ನು ನೀವು ನೋಡಿಲ್ಲವಾದರೆ ನನ್ನನ್ನು ನೋಡಿ. ಹೆಸರು ಅಂದಾನಯ್ಯ, ಮಾಕವಳ್ಳಿ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಹೆಂಡತಿ ಹೇಮ ಪಾಂಡವಪುರದ ಕಡೆ ಇನ್ನೊಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಇಬ್ಬರೂ ಇರುವುದು ಕೆ.ಆರ್. ಪೇಟೆಯಲ್ಲಿ, ಒಂದೇ ಮನೆಯಲ್ಲಿ. ಅದೇ ಕಷ್ಟ.

ಎರಡು ವರ್ಷದ ಹಿಂದೆ ಇಬ್ಬರ ಶಾಲೆಗೂ ದೊಡ್ಡ ಟಿವಿ, ಕಂಪ್ಯೂಟರು ಬಂದವು. ಅವಳು ಕಲಿತಳು. ನಾನು ಮೊದಲ ದಿನ ಮೌಸು ಹಿಡಿದು ಏನೋ ಒತ್ತಿದೆ, ಪರದೆ ಪೂರಾ ಕಪ್ಪಾಯಿತು, ಹತ್ತನೇ ಕ್ಲಾಸು ಕಿಸಕ್ಕೆಂದಿತು. ಅಂದಿನಿಂದ ಅದಕ್ಕೆ ಟವೆಲ್ ಹೊದಿಸಿಟ್ಟಿದ್ದೇನೆ. ಧೂಳು ಕೂರದಿರಲಿ ಅಂತ ಹೆಡ್‌ಮಾಸ್ಟರಿಗೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಅದನ್ನು ಕಂಡರೆ ನನಗೆ ಭಯ. ಹೇಮಳದ್ದೋ ಯೂಟ್ಯೂಬಿನಲ್ಲಿ ಪಾಠದ ಮೇಲೆ ಪಾಠ. ಸಂತೆಗೆ ಹೋದರೂ ಅವಳನ್ನು ಗುರುತು ಹಿಡಿದು ಮಾತಾಡಿಸುವವರು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತವನು ನಾನು.

ಆದರೆ ನನ್ನದು ಅಂತ ಒಂದಿತ್ತು, ಛಂದಸ್ಸಿನ ಪಾಠ. ಕಬ್ಬು ತುಂಬಿದ ಗಾಡಿ ಫ್ಯಾಕ್ಟರಿ ಕಡೆ ಏದುಸಿರು ಬಿಡುತ್ತಾ ಹೋಗುತ್ತದೆ, ಅದು ಗುರು, ಎರಡು ಮಾತ್ರೆ. ಖಾಲಿ ಗಾಡಿ ಗಡಗಡ ಓಡಿ ಬರುತ್ತದೆ, ಅದು ಲಘು, ಒಂದೇ ಮಾತ್ರೆ. ನಾನೇ ಎತ್ತಾಗಿ ಬೆಂಚುಗಳ ನಡುವೆ ನಡೆದು, ಓಡಿ ತೋರಿಸುತ್ತಿದ್ದೆ. ನಾನೇ ಹುಟ್ಟಿಸಿದ್ದು. ಮೇಷ್ಟ್ರು ಅಂತ ನನಗಿದ್ದ ಮರ್ಯಾದೆಯೆಲ್ಲ ಆ ಒಂದು ಪಾಠದಲ್ಲಿತ್ತು.

ಮೊನ್ನೆ ಅದೇ ಪಾಠ ಮಾಡಿದೆ. ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಚಿನ್ನು ಅನ್ನುವ ಹುಡುಗಿ ಪಾಪ ಮೆಲ್ಲಗೆ ಕೇಳಿದಳು.

“ಇದು ಪಾಂಡವಪುರದ ಮೇಡಂ ವಿಡಿಯೋದಲ್ಲೈತೆ. ನೀವೂ ನೋಡ್ಕಂಡ್ ಬಂದ್ರಾ ಸಾ?”

ಮೈಯೆಲ್ಲ ಉರಿದುಹೋಯಿತು. ಆ ಮೇಡಂ ನನ್ನ ಹೆಂಡತಿ ಅಂತ ಮಕ್ಕಳಿಗೆ ಗೊತ್ತಿಲ್ಲ. ಹೇಳಿದ್ದರೆ ಇನ್ನೂ ಮಾನ ಹೋಗುತ್ತಿತ್ತು.

ಸಂಜೆ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ಕಳ್ಳಿ ಅಂದೆ, ಗಂಡನ ಅನ್ನಕ್ಕೇ ಕೈ ಹಾಕಿದವಳು ಅಂದೆ. ಸೊಪ್ಪು ಬಿಡಿಸುತ್ತಿದ್ದ ಹೇಮ ಪೂರ್ತಿ ಕೇಳಿಸಿಕೊಂಡಳು. ಈ ಪಾಠಕ್ಕೆ ಮೊದಲು ನಿಮಗೇ ಫೋನಿನ ಮುಂದೆ ನಿಲ್ಲಿ ಅಂದಿದ್ದೆ, ನೀವು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿರಿ ಅಂದಳು. ಅದು ನಿಜವೇ.

“ಈಗ ನಿಂತ್ಕಳಿ. ನಿಮ್ದು ಹಾಕಿ, ನಂದು ಅಳಿಸ್ಬುಡ್ತೀನಿ,” ಅಂದು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದಳು.

ನಿಂತೆ. ರಸ್ತೆಗೆ ಕೇಳುವ ಗಂಟಲು ನನ್ನದು. ಆ ಅಂಗೈಯಗಲದ ಗಾಜಿನ ಮುಂದೆ ‘ಮಕ್ಕಳೇ’ ಅನ್ನುವಷ್ಟರಲ್ಲಿ ಕಟ್ಟಿಹೋಯಿತು. ಇನ್ನೊಂದು ಸಲ ಬಾಯಿ ತೆರೆದೆ, ಬರೀ ಬೆವರು ಬಂತು. ಅವಳು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಹೋಗಲಿ, ನನ್ನದನ್ನು ಹೇಗೂ ಅಳಿಸುತ್ತೇನೆ ಅಂತ ಫೋನು ಎತ್ತಿಕೊಂಡಳು.

ತಡಿ, ಒಂದು ಸಲ ನೋಡುತ್ತೇನೆ ಅಂದೆ. ಅಲ್ಲಿಯವರೆಗೆ ನಾನು ಅವಳ ಒಂದು ಪಾಠವನ್ನೂ ನೋಡಿರಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಮ ಎತ್ತಾಗಿದ್ದಳು. ಭಾರಕ್ಕೆ ಕತ್ತು ಬಗ್ಗಿಸಿ ನಡೆದಳು, ನಡುದಾರಿಯಲ್ಲಿ ನಿಂತಳು, ಉಸಿರು ಎಳೆದುಕೊಂಡು ಮತ್ತೆ ಹೆಜ್ಜೆ ಇಟ್ಟಳು. ಹಾಗೆ ನಿಲ್ಲಬೇಕು ಅಂತ ನನಗೆ ಇಷ್ಟು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಎರಡು ಮಾತ್ರೆ ಕಣ್ಣಿಗೇ ಕಂಡಿತು.

“ಅಳಿಸ್ಲಾ?”

“ಬ್ಯಾಡ. ಇರ್ಲಿ ಬುಡು.”

ಬರೀ ಕದ್ದಿದ್ದರೆ ನಾಲ್ಕು ದಿನ ಮಾತು ಬಿಟ್ಟು ಸುಮ್ಮನಾಗುತ್ತಿದ್ದೆ. ನನಗಿಂತ ಚೆನ್ನಾಗಿ ಮಾಡಿದ್ದಳು. ಅದನ್ನು ಮಾತ್ರ ಅವಳಿಗೆ ಇನ್ನೂ ಹೇಳಿಲ್ಲ.