ಓಗೊಡುವವರು

ಪರದೆಯ ಮೇಲೆ ಕುದುರೆ ಸವಾರರು ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದರು. ಯಾರು, ಯಾರನ್ನು, ಯಾಕೆ ಎಂಬುದೊಂದೂ ನನಗೆ ತಿಳಿಯಲಿಲ್ಲ. ಕೈಗವಸು ಬಿಚ್ಚಿ ಪರ್ಸಿನೊಳಗಿಟ್ಟೆ. ಮತ್ತೆ ತೆಗೆದು ಹಾಕಿಕೊಂಡೆ. ಬಾಯಲ್ಲಿದ್ದ ಪೆಪ್ಪರ್‌ಮಿಂಟು ಕರಗುವ ಮೊದಲೇ ಕಡಿದು ನುಂಗಿದ್ದೆ. ಕ್ರೆಸೆಂಟ್ ಥಿಯೇಟರಿನಲ್ಲಿ ಮೊದಲು ಸಿನಿಮಾ, ಅದು ಮುಗಿದ ಮೇಲೆ ಹಾಡು ಎಂದು ತಂಗಿ ವೀನಿಯ ಹೇಳಿದ್ದಳು. ಸಿನಿಮಾ ಇಷ್ಟುದ್ದ ಇರುತ್ತದೆಂದು ಹೇಳಿರಲಿಲ್ಲ.

ಎದ್ದು ಹೊರಗಿನ ಹಜಾರಕ್ಕೆ ಹೋದೆ. ಅಲ್ಲಿಯೂ ನಿಲ್ಲಲಾಗಲಿಲ್ಲ. ಗಾಜಿನ ಬಾಗಿಲ ಆಚೆ ಶಿಕಾಗೋದ ನಲವತ್ತೇಳನೆಯ ಬೀದಿಯಲ್ಲಿ ಶನಿವಾರದ ಬಿಸಿಲಿತ್ತು. ಕರಿದ ಮೀನಿನ ಅಂಗಡಿಯ ಮುಂದೆ ಜನ ಸಾಲುಗಟ್ಟಿದ್ದರು. ಪರಿಚಯದವರು ಯಾರಾದರೂ ಕಂಡರೆ? ಮುಖ ತಿರುಗಿಸಿಕೊಂಡು ಮತ್ತೆ ಕತ್ತಲೆಯೊಳಕ್ಕೆ ಬಂದು ಕೂತೆ.

ವೀನಿಯ ನನ್ನ ಬೆನ್ನಿಗೆ ಹುಟ್ಟಿದವಳು. ಅವಳದು ಹಾಡು, ನನ್ನದು ಓಗೊಡುವುದು. ನಮ್ಮ ಚರ್ಚಿನಲ್ಲಿ ವೇದಿಕೆಯ ಬಲಗಡೆ, ಬಿಳಿ ಉಡುಪಿನ ಹಿರಿಯ ಹೆಂಗಸರು ಕೂರುವ ಬೆಂಚಿನ ತುದಿ ನನ್ನ ಜಾಗ. ಪಾಸ್ಟರ್ ಒಂದು ಮಾತು ಹೇಳಿ ನಿಲ್ಲಿಸುತ್ತಾರೆ. ಆಗ ಯಾರಾದರೂ "ಹೌದು ತಂದೆ" ಅನ್ನಬೇಕು. ಅನ್ನದಿದ್ದರೆ ಎರಡನೆಯ ಮಾತು ಹುಟ್ಟುವುದಿಲ್ಲ. ಬೋಧನೆ ಕಲಿಸುವ ಶಾಲೆಗಳಿವೆ, ಓಗೊಡುವುದನ್ನು ಕಲಿಸುವವರಿಲ್ಲ. ಎಷ್ಟು ಹೊತ್ತು ಬಿಡಬೇಕು, ಯಾವಾಗ ಮೆಲ್ಲಗೆ, ಯಾವಾಗ ಎದ್ದು ನಿಂತು ಎಂಬುದು ಕೇಳಿ ಕೇಳಿ ಬರುವಂಥದು. ಆ ಬೆಂಚು ಬಿಟ್ಟರೆ ಬೇರೆ ಎಲ್ಲಿಯೂ ನಾನು ಬಾಯಿ ತೆರೆಯುವವಳಲ್ಲ.

ಥಿಯೇಟರಿಗೆ ಹೋದವರನ್ನು ನಮ್ಮಲ್ಲಿ 'ಕೂರಿಸುತ್ತಾರೆ'. ಎಂದರೆ ಜಾಗ ಹೋಯಿತು, ಬಿಳಿ ಉಡುಪು ಹೋಯಿತು. ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನ ಹಿರಿಯರಾದ ಡೀಕನ್ ಪ್ಯೂರಿಫಾಯ್ ಎದ್ದು ನಿಂತು ಆ ನಿಯಮವನ್ನು ಗುಡುಗಿನಂಥ ದನಿಯಲ್ಲಿ ಓದಿ, ಮುರಿದವರು ಎದ್ದು ನಿಲ್ಲಿ ಎನ್ನುತ್ತಾರೆ. ನಾಳೆಯೇ ಮೊದಲ ಭಾನುವಾರ. ಪ್ರಭುಭೋಜನದ ಮೇಜಿನ ಬಟ್ಟೆಗಳನ್ನು ಮನೆಯಲ್ಲಿ ನೀಲಿ ನೀರಿಗೆ ಹಾಕಿ ಬಂದಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ಬಂದದ್ದು ವೀನಿಯ ಗುರುವಾರ ನನ್ನ ಅಡುಗೆಮನೆಗೆ ಬಂದು, ಇಸ್ತ್ರಿ ಮಾಡುತ್ತಿದ್ದ ನನ್ನ ಕೈ ಹಿಡಿದು ನಿಲ್ಲಿಸಿದ್ದರಿಂದ.

"ಅಕ್ಕಾ, ಶನಿವಾರ ಬಾರೇ."

"ನಿನಗೆ ತಲೆ ಸರಿ ಇದೆಯಾ?"

"ನನ್ನ ರೆಕಾರ್ಡುಗಳೆಲ್ಲ ಅಂಗಡೀಲಿ ಧೂಳು ತಿಂತಿವೆ ಕಣೇ. ಸ್ಟುಡಿಯೋದಲ್ಲಿ ಗಾಜಿನ ಗೂಡೊಳಗೆ ನಿಲ್ಲಿಸಿ ಗೋಡೆಗೆ ಹಾಡು ಅಂತಾರೆ. ಗೋಡೆ ಏನಾದ್ರೂ ತಿರುಗಿ ಮಾತಾಡತ್ತಾ? ಅದಕ್ಕೇ ಈ ಸಲ ಕ್ರೆಸೆಂಟಲ್ಲೇ, ಜನದ ಮುಂದೇನೇ ರೆಕಾರ್ಡು ಮಾಡ್ತಾರೆ. ಇದೂ ಕೆಟ್ರೆ ಕಂಪನಿ ನನ್ನ ಬಿಡತ್ತೆ. ಆಮೇಲೆ ಮತ್ತೆ ಅದೇ ಹೋಟೆಲು, ಅದೇ ಹಾಸಿಗೆ, ಅದೇ ಬಚ್ಚಲು ತಿಕ್ಕೋದು."

"ನಾನು ಬಂದು ಏನ್ಮಾಡ್ಲಿ?"

"ಏನೂ ಮಾಡ್ಬೇಡ. ಸುಮ್ನೆ ಕೂತಿರು. ನೀನಿದ್ದೀಯ ಅಂತ ಗೊತ್ತಿದ್ರೆ ಸಾಕು."

ಸಿನಿಮಾ ಮುಗಿಯಿತು. ದೀಪ ಹತ್ತಿತು. ಆಗ ಸುತ್ತಲೂ ನೋಡಿದೆ. ಈಸ್ಟರ್ ಹಬ್ಬಕ್ಕೆ ಚರ್ಚಿಗೆ ಬಂದವರ ಹಾಗೆ ಸಿಂಗರಿಸಿಕೊಂಡು ಬಂದಿದ್ದರು ಜನ. ರೆಕಾರ್ಡು ಆಗುವ ಸುದ್ದಿ ರೇಡಿಯೋದಲ್ಲಿ ಬಂದಿತ್ತಲ್ಲ. ಗಂಡಸರಿಗೆ ಟೈ, ಹೆಂಗಸರಿಗೆ ಟೋಪಿ. ನನ್ನ ಪಕ್ಕದಲ್ಲಿ ಕೂತಾಕೆಯದು ಹಸಿರು ಟೋಪಿ. ಅದರ ಗರಿ ಆಗಾಗ ನನ್ನ ಕಿವಿಗೆ ತಾಗುತ್ತಿತ್ತು. ಮೇಲಿನಿಂದ ತಂತಿಗಳಲ್ಲಿ ಮೈಕುಗಳು ಇಳಿಬಿದ್ದಿದ್ದವು.

ಕಂಪನಿಯ ಮನುಷ್ಯ ವೇದಿಕೆಗೆ ಬಂದ, ಅಷ್ಟು ಜನ ಕರಿಯರ ನಡುವೆ ಅವನೊಬ್ಬನೇ ಬಿಳಿಯ. ಕನ್ನಡಕ, ಮೆದು ಮಾತು. ಹಾಡು ನಡೆಯುವಾಗ ದಯವಿಟ್ಟು ಯಾರೂ ಸದ್ದು ಮಾಡಬೇಡಿ, ಹಾಡು ಮುಗಿದ ಮೇಲೆ ಎಷ್ಟು ಬೇಕಾದರೂ ಚಪ್ಪಾಳೆ ಹೊಡೆಯಿರಿ ಎಂದ. ಕಾರ್ಯಕ್ರಮ ನಡೆಸಿಕೊಡುವ ಲಕಿ ಬ್ರಾಂಟ್ಲಿ ಅವನ ಹೆಗಲ ಮೇಲೆ ಕೈಯಿಟ್ಟು ಅದನ್ನೇ ನಮ್ಮ ಮಾತಿನಲ್ಲಿ ಹೇಳಿದ:

"ಕೇಳಿಸ್ತಾ ಅಮ್ಮಂದಿರಾ, ಅಣ್ಣಂದಿರಾ? ಇವತ್ತು ನಮ್ಮ ಬೀದಿ ದೇಶಕ್ಕೆಲ್ಲ ಕೇಳಿಸತ್ತೆ. ಕೆಮ್ಮು ಬಂತಾ, ನುಂಗಿ. ಅಳು ಬಂತಾ, ಹೆಂಡ್ತಿ ಕರ್ಚೀಫ್ ಬಾಯಿಗೆ ತುರುಕ್ಕೊಳ್ಳಿ. ಹೆಂಡ್ತಿ ಬಿಟ್ಟು ಬೇರೆಯವರ ಜೊತೆ ಬಂದಿದ್ರೆ, ಅದು ನಿಮ್ಮ ಹಣೆಬರಹ!"

ನಗು ಎದ್ದಿತು, ಅಡಗಿತು. ಹಸಿರು ಟೋಪಿ ನನ್ನ ಕಡೆ ವಾಲಿ ಪಿಸುಗುಟ್ಟಿದಳು: "ಸರಿಯಾಗೇ ಹೇಳಿದ. ಹಿಂದಿನ ಸಲ ನನ್ನ ಹಿಂದೆ ಕೂತೋನು ಸೀಟಿನ ಮೇಲೇ ಹತ್ತಿ ನಿಂತ. ನಾವೂ ಮನುಷ್ಯರ ಥರ ಕೂತ್ಕೊಳ್ಳೋಕೆ ಬರೋ ಜನ ಅಂತ ಇವತ್ತಾದ್ರೂ ತೋರಿಸ್ಬೇಕಮ್ಮ."

ನಾನು ತಲೆಯಾಡಿಸಿದೆ. ಎಲ್ಲರೂ ತಲೆಯಾಡಿಸಿದರು. ಅಲ್ಲೇ ತಪ್ಪಾದದ್ದು. ಆ ಮನುಷ್ಯನಿಗೆ ನಮ್ಮ ಹಾಡು ಗೊತ್ತಿರಲಿಲ್ಲ, ಸರಿ. ಗೊತ್ತಿದ್ದ ನಾವು ನೆಂಟರ ಮನೆಗೆ ಬಂದ ಮಕ್ಕಳ ಹಾಗೆ ಕೈಕಟ್ಟಿ ಕೂತೆವು.

ವೀನಿಯ ಬಂದಳು. ಬೂದು ಬಣ್ಣದ ಮಿರುಗುವ ಗೌನು. ಕಹಳೆಗಳು ಮೊಳಗಿದವು. ಅವಳು ಮೈಕಿನ ಹತ್ತಿರ ಬಾಯಿ ತಂದು ಮೊದಲ ಸಾಲು ಎಸೆದಳು:

"ಬಾಗಿಲಿಗೆ ಅಗುಳಿ ಹಾಕಿಲ್ಲ ನಾನು…"

ಮತ್ತು ನಿಲ್ಲಿಸಿದಳು. ಆ ಖಾಲಿ ಜಾಗ ನನ್ನ ಎದೆಗೆ ಬಂದು ಬಡಿಯಿತು. ಅದು ನಮ್ಮದು. ಅಲ್ಲಿ "ಹಾಕಿಲ್ಲ, ಹಾಕಿಲ್ಲ" ಎಂದು ಜನ ಹೇಳಬೇಕು, ಆ ಮಾತಿನ ಮೇಲೆ ಕಾಲಿಟ್ಟು ಅವಳು ಎರಡನೆಯ ಸಾಲಿಗೆ ಏರಬೇಕು. ಯಾರೂ ಹೇಳಲಿಲ್ಲ. ಥಿಯೇಟರು ತುಂಬ ಜನ, ಆದರೆ ಉಸಿರಿನ ಸದ್ದೂ ಇರಲಿಲ್ಲ. ಮೆಟ್ಟಿಲು ಇದೆಯೆಂದು ಕಾಲಿಟ್ಟವಳ ಹಾಗೆ ವೀನಿಯ ಒಂದು ಕ್ಷಣ ತೂಗಿದಳು. ಆಮೇಲೆ ಹಾಡು ಮುಂದುವರಿಸಿದಳು.

ಮುಂದಿನ ಸಾಲಿಗೂ ಹಾಗೆಯೇ. ಅದರ ಮುಂದಿನದಕ್ಕೆ ಅವಳು ಜಾಗ ಬಿಡುವುದನ್ನೇ ನಿಲ್ಲಿಸಿದಳು. ಖಾಲಿ ಜಾಗಗಳನ್ನು ತಾನೇ ತುಂಬುತ್ತ ಓಡತೊಡಗಿದಳು. ಅವಳ ಹಿಂದೆ ಡ್ರಮ್ಮಿನವನೂ ಓಡಿದ. ಹಾಡು ಮುಗಿದಾಗ ಚಪ್ಪಾಳೆ ಬಿದ್ದಿತು, ಜೋರಾಗಿಯೇ, ಅಚ್ಚುಕಟ್ಟಾಗಿಯೇ. ವೇದಿಕೆಯ ಬದಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿದ್ದ ಕಂಪನಿಯ ಮನುಷ್ಯ ತೃಪ್ತಿಯಿಂದ ತಲೆದೂಗುತ್ತಿದ್ದ.

ಎರಡನೆಯ ಹಾಡು ಅದರದೇ ಮುಂದಿನ ಭಾಗ, ಪಲ್ಲವಿಯೂ ಅದೇ ಬಾಗಿಲಿನ ಸಾಲು. ಅದರಲ್ಲಿ ಅವಳ ಎಡಗೈ ಗೌನಿನ ಹೊಲಿಗೆಯನ್ನು ಹಿಡಿದು ತಿರುಚಲು ಶುರು ಮಾಡಿತು. ಆ ಕೈ ನನಗೆ ಗೊತ್ತು. ಮಿಸಿಸಿಪ್ಪಿಯ ಮನೆಯಲ್ಲಿ ಬೆಳಗ್ಗೆ ಒಬ್ಬೊಬ್ಬರೂ ಬೈಬಲ್ಲಿನ ಒಂದು ವಚನ ಹೇಳದೆ ಅಪ್ಪ ತಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಉದ್ದುದ್ದ ಕೀರ್ತನೆಗಳನ್ನು ಒಪ್ಪಿಸುತ್ತಿದ್ದೆ. ವೀನಿಯಳಿಗೆ ಬರುತ್ತಿದ್ದದ್ದು ಇಡೀ ಬೈಬಲ್ಲಿನಲ್ಲೇ ಅತಿ ಚಿಕ್ಕ ವಚನ, 'ಯೇಸು ಕಣ್ಣೀರು ಬಿಟ್ಟನು'. ಅದು ಬೇಡ, ಬೇರೆ ಹೇಳು ಎಂದು ಅಪ್ಪ ಹೇಳಿದ ದಿನ ಅವಳು ಹೀಗೆಯೇ ಫ್ರಾಕು ತಿರುಚುತ್ತ ನಿಲ್ಲುತ್ತಿದ್ದಳು, ರೊಟ್ಟಿ ಆರಿಹೋಗುತ್ತಿತ್ತು.

ಈಗ ಅವಳು ಒಂದು ಚರಣವನ್ನೇ ಬಿಟ್ಟಳು. ಬ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಕೈಗವಸು ಬಿಚ್ಚಿದೆ.

ಅಪ್ಪನಿಗೂ ಒಮ್ಮೆ ಹೀಗಾಗಿತ್ತು. ಊರಿನ ಚರ್ಚಿನಲ್ಲಿ ಹಾಡಿನ ಪುಸ್ತಕವಿರಲಿಲ್ಲ. ಅಪ್ಪ ಎದ್ದು ನಿಂತು ಸ್ತುತಿಪದದ ಒಂದು ಸಾಲನ್ನು ರಾಗವಿಲ್ಲದೆ ಬಿರಬಿರನೆ ಹೇಳಿಬಿಡುವರು, ಜನರೆಲ್ಲ ಸೇರಿ ಅದೇ ಸಾಲನ್ನು ಹೊಳೆ ಹರಿದಂತೆ ನಿಧಾನವಾಗಿ ಎಳೆಯುವರು. ನಾವು ಶಿಕಾಗೋಗೆ ಬಂದ ಹೊಸತರಲ್ಲಿ ಇಲ್ಲಿಯ ಚರ್ಚಿನವರು ಪ್ರಾರ್ಥನೆಯ ದಿನ ಅಪ್ಪನನ್ನು ಶುರು ಮಾಡಿ ಎಂದರು. ಅಪ್ಪ ಸಾಲು ಹೇಳಿದರು. ಇಲ್ಲಿ ಆರ್ಗನ್ ಇತ್ತು, ಅಚ್ಚಾದ ಪುಸ್ತಕಗಳಿದ್ದವು. ಜನ ಪುಟ ಹುಡುಕಿದರು, ಯಾರೂ ಎಳೆಯಲಿಲ್ಲ. ಹೇಳಿದ ಸಾಲು ಗಾಳಿಯಲ್ಲೇ ಉಳಿದು ಅಪ್ಪ ಸುಮ್ಮನೆ ನಿಂತಿದ್ದರು. ಆಗ ಹಿಂದಿನ ಸಾಲಿನಿಂದ ಅಮ್ಮ ಎತ್ತಿಕೊಂಡಳು. ಅಮ್ಮನ ದನಿ ಬಾವಿಯ ರಾಟೆಯ ಹಾಗೆ ಕಿರುಗುಟ್ಟುವಂಥದು. ಕೆಲವರು ನಕ್ಕರು. ಅಮ್ಮ ಬಿಡಲಿಲ್ಲ. ಪ್ರತಿ ಸಾಲಿಗೂ ಒಬ್ಬಳೇ ಓಗೊಟ್ಟಳು, ಅಪ್ಪ ಕೊನೆಯತನಕ ಹೇಳಿ ಕೂತರು.

ಅದು ಚರ್ಚು. ಇದು ಥಿಯೇಟರು. ಅದು ದೇವರ ಹಾಡು. ಇದು ಮನೆ ಬಿಟ್ಟು ಹೋದ ಗಂಡಸಿಗಾಗಿ ಬಾಗಿಲು ತೆರೆದಿಟ್ಟ ಹೆಂಗಸಿನ ಹಾಡು. ವೀನಿಯಳ ದನಿ ಮೇಲಿನ ಸ್ವರಕ್ಕೆ ಹೋಗಿ ಒಡೆಯಿತು.

ನಾನು ಎದ್ದು ನಿಂತಿದ್ದೆ.

"ನಿಧಾನ, ಮಗಾ! ನಿಧಾನ!"

ನಮ್ಮ ಚರ್ಚುಗಳಲ್ಲಿ ಈ ಮಾತನ್ನು ಚೆನ್ನಾಗಿ ಹಾಡುವವರಿಗೆ ಯಾರೂ ಹೇಳುವುದಿಲ್ಲ. ಪದ್ಯ ಮರೆತ ಮಗುವಿಗೆ, ಗಂಟಲು ಕಟ್ಟಿದ ಮುದುಕನಿಗೆ ಹೇಳುವ ಮಾತು ಅದು. ಬೆನ್ನ ಮೇಲೆ ಕೈಯಿಟ್ಟ ಹಾಗೆಯೂ ಹೌದು, ಪಾಪ, ಇವಳು ಮುಗ್ಗರಿಸಿದಳು ಎಂದು ಎಲ್ಲರಿಗೂ ಸಾರಿದ ಹಾಗೆಯೂ ಹೌದು. ಥಿಯೇಟರಿನಲ್ಲಿ ಅದರ ಅರ್ಥ ಗೊತ್ತಿಲ್ಲದವರು ಯಾರೂ ಇರಲಿಲ್ಲ, ಕನ್ನಡಕದ ಆ ಮನುಷ್ಯನೊಬ್ಬನನ್ನು ಬಿಟ್ಟು.

"ಶ್! ಕೂತ್ಕೊಳ್ಳಮ್ಮಾ!" ಹಸಿರು ಟೋಪಿ ನನ್ನ ಕೋಟು ಜಗ್ಗಿದಳು.

ಅಷ್ಟರಲ್ಲಿ ಬಾಲ್ಕನಿಯಿಂದ ಗುಡುಗಿನಂಥ ದನಿಯೊಂದು ಇಳಿಯಿತು: "ಕೈ ಹಿಡಿ ತಂದೇ! ಅವಳ ಕೈ ಹಿಡಿ!"

ಪ್ರತಿ ಮೊದಲ ಭಾನುವಾರ ನಾನು ಕೇಳುವ ದನಿ ಅದು. ತಿರುಗಿ ನೋಡಲಿಲ್ಲ. ಜನ ಮೊದಲು ಕಿಸಕ್ಕೆಂದರು, ಆಮೇಲೆ ಗೊಳ್ಳೆಂದು ನಕ್ಕರು. ಬಿಗಿದುಕೊಂಡಿದ್ದ ಟೈಗಳೆಲ್ಲ ಒಟ್ಟಿಗೆ ಸಡಿಲವಾದ ಹಾಗೆ ಇತ್ತು ಆ ನಗು.

ವೀನಿಯ ಕೈಯೆತ್ತಿ ಬ್ಯಾಂಡು ನಿಲ್ಲಿಸಿದಳು. ಹಣೆಗೆ ಕೈ ಅಡ್ಡ ಹಿಡಿದು ಕತ್ತಲೆಯೊಳಗೆ ಹುಡುಕಿದಳು.

"ಯಾರಿಗೂ ಗಾಬರಿ ಬೇಡ. ಅವಳು ನಮ್ಮಕ್ಕ. ವರ್ಷಗಟ್ಟಲೆ ಕರೆದ್ರೂ ನನ್ನ ಹಾಡು ಕೇಳೋಕೆ ಬಂದಿರ್ಲಿಲ್ಲ. ಇವತ್ತು ಬಂದ್ಲು. ಬಂದೋಳು ತಂಗಿ ಎಡವಿದ್ಲು ಅಂತ ದೇಶಕ್ಕೆಲ್ಲ ಡಂಗುರ ಹೊಡೆದ್ಲು!"

"ನಿಜ ಹೇಳಿದ್ಲು!" ಯಾರೋ ಕೂಗಿದರು.

"ಹೌದಪ್ಪಾ, ನಿಜಾನೇ ಹೇಳಿದ್ಲು. ಎಡವಿದ್ದೆ. ನೀವೆಲ್ಲ ಸತ್ತೋರ ಥರ ಕೂತಿದ್ರಿ. ಹೆಣಗಳಿಗೆ ಹಾಡೋಕೆ ನನಗೆ ಬರಲ್ಲ."

ಆಮೇಲೆ ಅವಳು ಮೈಕನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಗೌನು ತಿರುಚುತ್ತಿದ್ದ ಕೈ ಕೆಳಗಿಳಿದಿತ್ತು. ರಾಗವಿಲ್ಲದೆ, ಬಿರಬಿರನೆ, ಅಪ್ಪ ಹೇಳುತ್ತಿದ್ದ ಹಾಗೆಯೇ ಹೇಳಿದಳು: "ಬಾಗಿಲಿಗೆ ಅಗುಳಿ ಹಾಕಿಲ್ಲ ನಾನು."

ಮಿಸಿಸಿಪ್ಪಿಯವರು, ಅರ್ಕನ್ಸಾಸಿನವರು, ಅಲಬಾಮಾದವರು, ಊರು ಬಿಟ್ಟು ಬಂದು ಆ ಹಳೆಯ ಎಳೆತವನ್ನು ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದವರೆಲ್ಲ ಅಲ್ಲಿದ್ದರು. ಮೊದಲು ಎಳೆದದ್ದು ನಾನು. ನನ್ನ ಬಾಯಿಂದ ಹೊರಟದ್ದು ಅಮ್ಮನ ರಾಟೆಯ ದನಿ. ಆಮೇಲೆ ಬಾಲ್ಕನಿಯ ಗುಡುಗು ಬಂದು ಸೇರಿತು. ಆಮೇಲೆ ಇಡೀ ಥಿಯೇಟರು. ಆ ಸಾಲು ಎದ್ದು, ಬಾಗಿ, ತಿರುಗಿ ಮುಗಿಯುವಷ್ಟರಲ್ಲಿ ಹಸಿರು ಟೋಪಿಯ ಗರಿ ನನ್ನ ಕೆನ್ನೆಗೆ ಒತ್ತಿಕೊಂಡಿತ್ತು. ಆಕೆ ನನ್ನ ತೋಳು ಹಿಡಿದು ಬಾಯ್ತುಂಬ ಹಾಡುತ್ತಿದ್ದಳು. ಅದರ ಮೇಲೆ ಕಾಲಿಟ್ಟು ವೀನಿಯ ಏರಿದಳು. ಕಹಳೆಗಳು ಅವಳನ್ನು ಹಿಂಬಾಲಿಸಿದವು. ಎಲ್ಲಿಯವರೆಗೆ ಹೋದಳೆಂದು ನಾನು ಹೇಳಲಾರೆ. ಕಂಪನಿಯ ಮನುಷ್ಯ ಎರಡೂ ಕೈ ಬೀಸುತ್ತ ಸದ್ದು ತಗ್ಗಿಸಿ ಎಂದು ಬೇಡುತ್ತಿದ್ದದ್ದು ಮಾತ್ರ ಕಂಡಿತು.

ನನಗೆ ಸಮಾಧಾನವಿರಲಿಲ್ಲ. ಹಾಡುತ್ತಿದ್ದಾಗಲೂ ಇರಲಿಲ್ಲ. ದೇವರಿಗೆಂದು ಇಟ್ಟದ್ದನ್ನು ತಂದು ಎಲ್ಲಿ ಸುರಿದೆ ಎಂದು ಕೇಳುತ್ತಲೇ ಹಾಡಿದೆ.

ಆಟ ಮುಗಿದು ಹಿಂದಿನ ಕೋಣೆಗೆ ಹೋದಾಗ ವೀನಿಯ ಬೆವರು ಒರೆಸಿಕೊಳ್ಳುತ್ತಿದ್ದಳು.

"ನಿಧಾನ ಅಂತೆ!" ಟವೆಲನ್ನು ನನ್ನ ಮೇಲೆ ಎಸೆದಳು. "ತುಂಬಿದ ಸಭೇಲಿ ಮಾನ ಕಳೆದ್ಯಲ್ಲೇ!"

"ಮತ್ತೇನ್ಮಾಡ್ಲಿ? ಓಡ್ತಾ ಇದ್ದೆ ನೀನು, ನಾಯಿ ಅಟ್ಟಿಸ್ಕೊಂಡು ಬಂದೋರ ಥರ."

ಅವಳು ನನ್ನ ಕುತ್ತಿಗೆಗೆ ಮುಖವಿಟ್ಟಳು. ಕಂಪನಿಯ ಮನುಷ್ಯ ಬಾಗಿಲು ತಟ್ಟಿ ಒಳಬಂದ. ಟೇಪು ತಿರುಗಿಸಿ ಕೇಳಿ ಬಂದಿದ್ದ. ಮುಖ ಬಿಳಿಚಿಕೊಂಡಿತ್ತು.

"ಮೊದಲ ಹಾಡು ಬಹಳ ಸ್ವಚ್ಛವಾಗಿ ಬಂದಿದೆ," ಎಂದ. "ಆದ್ರೆ ಅದರಲ್ಲಿ ಜೀವ ಇಲ್ಲ. ಎರಡನೇದರಲ್ಲಿ ಈ ಅಮ್ಮನ ದನಿ ಅಡ್ಡ ಬಂದಿದೆ, ಕತ್ತರಿಸೋಣ ಅಂತ ಹೊರಟೆ…"

"ಅವಳದನ್ನ ಕತ್ತರಿಸಿದ್ರೆ ನನ್ನದನ್ನೂ ಕತ್ತರಿಸಿ," ಎಂದಳು ವೀನಿಯ.

"ಆಗಲ್ಲ. ಕತ್ತರಿಸಿದ್ರೆ ಮುಂದಿನದು ಯಾಕೆ ಹುಟ್ಟಿತು ಅಂತಾನೇ ಗೊತ್ತಾಗಲ್ಲ. ಎರಡನೇದು ಹಾಗೇ ಇರಲಿ, ರೆಕಾರ್ಡಿಗೆ ಅದು ಸಾಕು. ಮೊದಲನೇದನ್ನ ಮಾತ್ರ ಮುಂದಿನ ಆಟದಲ್ಲಿ ಮತ್ತೆ ತಗೊಳ್ತೀವಿ." ಅವನು ನನ್ನ ಕಡೆ ತಿರುಗಿ, ಟೋಪಿ ತೆಗೆದು ಗೌರವ ತೋರುವವನ ಹಾಗೆ ಟೋಪಿಯಿಲ್ಲದ ತಲೆಗೆ ಕೈ ಹಾಕಿದ. "ನೀವು ಅದೇ ಸೀಟಲ್ಲಿ ಕೂರ್ತೀರಾ?"

ವೀನಿಯ ನನ್ನನ್ನೇ ನೋಡುತ್ತಿದ್ದಳು. ಬಟ್ಟೆಗಳು ನೆನೆದಿವೆ, ಹಿಂಡಬೇಕು, ಗಂಜಿ ಹಾಕಬೇಕು ಎಂದು ಏನೋ ಗೊಣಗಿ ಹೊರಟೆ.

ಬಾಲ್ಕನಿಯ ಮೆಟ್ಟಿಲ ಬುಡದಲ್ಲಿ ಅವರು ಸಿಕ್ಕಿದರು, ಟೋಪಿ ಕೈಯಲ್ಲಿ ಹಿಡಿದುಕೊಂಡು.

"ಸಿಸ್ಟರ್ ಟಾಲ್ಬರ್ಟ್."

"ಡೀಕನ್ ಪ್ಯೂರಿಫಾಯ್."

ಅವರು ಗೋಡೆಯ ಚಿತ್ರ ನೋಡಿದರು. ನಾನು ಅವರ ಬೂಟು ನೋಡಿದೆ.

"ನಮ್ಮ ಅಳಿಯನ್ನ ಹುಡುಕ್ಕೊಂಡು ಬಂದಿದ್ದೆ," ಎಂದರು.

"ಸಿಕ್ಕನಾ?"

"ಇಲ್ಲ." ಗಂಟಲು ಸರಿಪಡಿಸಿಕೊಂಡರು. "ಮುಂದಿನ ಆಟದಲ್ಲೂ ಹುಡುಕ್ಬೇಕು."

"ಡೀಕನ್, ನಮ್ಮಿಬ್ಬರ ದನೀನೂ ಆ ಟೇಪಲ್ಲಿ ಸಿಕ್ಕಿಹಾಕ್ಕೊಂಡಿದೆ. ರೆಕಾರ್ಡಾಗಿ ಬರತ್ತೆ."

"ಗೊತ್ತಮ್ಮ."

"ನಾಳೆ ನಿಯಮ ಓದೋರು ನೀವೇ."

"ಓದ್ತೀನಿ. ಓದಿ ಮುಗಿಸಿ ನಿಂತೇ ಇರ್ತೀನಿ. ನೀವೂ ಎದ್ದು ನಿಲ್ಲಿ." ಎಂದು ಹೇಳಿ ಟೋಪಿ ತಿರುಗಿಸುತ್ತ ಮೆಟ್ಟಿಲು ಹತ್ತಿದರು.

ಬೀದಿಯ ಬಾಗಿಲವರೆಗೆ ಹೋದೆ. ಹಿಡಿಗೆ ಕೈ ಹಾಕಿದೆ. ಹೊರಗೆ ಮುಂದಿನ ಆಟದ ಜನ, ಮತ್ತದೇ ಟೈ, ಅದೇ ಟೋಪಿಗಳು, ಅದೇ ಶಿಸ್ತು. ಹಿಂತಿರುಗಿದೆ.

ಹಸಿರು ಟೋಪಿ ಎದ್ದು ಹೋಗಿರಲಿಲ್ಲ. ನನ್ನ ಸೀಟಿನ ಮೇಲೆ ತನ್ನ ಪರ್ಸಿಟ್ಟು ಕಾದಿರಿಸಿದ್ದಳು. ಪರದೆಯ ಮೇಲೆ ಅದೇ ಸವಾರರು ಮತ್ತೆ ಅಟ್ಟಿಸಿಕೊಂಡು ಹೊರಟರು. ಕೈಗವಸು ಎಲ್ಲಿ ಬಿದ್ದುಹೋಗಿದ್ದವೋ, ಹುಡುಕಲಿಲ್ಲ. ಬರಿಗೈಯನ್ನು ಮಡಿಲಲ್ಲಿ ಹೊಸೆಯುತ್ತ ಕೂತೆ. ಈ ಸಲ ಅವಳು ಎಡವುವ ತನಕ ಕಾಯುವುದು ಬೇಡ ಎಂದುಕೊಂಡೆ.