ದೇವೀರಪ್ಪನ ನಕಾಸಿ ರಿವಾಲ್ವರು

ಚನ್ನಬಸವಯ್ಯ ರಿವಾಲ್ವರಿನ ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಟಕ್, ಟಕ್, ಟಕ್. ಹೆಣದ ಮುಂದೆ ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಅವನ ಬಾಯಿ ನೋಡಿದರು. ನೋಡದೆ ಏನು? ಅರಸೀಕೆರೆಯ ಈ ಕೋವಿ ರಿಪೇರಿಯವನು ನಳಿಗೆ ಮೂಸಿದರೆ ಸಾಕು, ಹೊಡೆದ ಗುಂಡಷ್ಟೇ ಅಲ್ಲ, ಗುರಿ ತಪ್ಪಿದ ಗುಂಡು ಯಾವ ಮರಕ್ಕೆ ಬಿತ್ತೆಂದೂ ಹೇಳುತ್ತಿದ್ದ.

ವಿಭೂತಿ ಬಳಿದು ಗೋಡೆಗೊರಗಿಸಿ ಕೂರಿಸಿದ್ದ ದೇವೀರಪ್ಪ ಮಾತ್ರ ನೋಡಲಿಲ್ಲ. ಅರೇಹಳ್ಳಿಯ ಕಾಫಿ ತೋಟದ ದೊರೆ ಇನಾಮು ಕೊಟ್ಟಿದ್ದ ಈ ರಿವಾಲ್ವರಿನಿಂದ ಅವನು ಏಳು ಹುಲಿ ಓಡಿಸಿದ್ದ. ಅವನು ಮೊದಲು ಹೇಳಿದಾಗ ಹುಲಿ ಒಂದೇ ಇತ್ತು. ಆಮೇಲೆ ಮರಿ ಹಾಕಿತು. ಹಳೇಬೀಡಿನಲ್ಲಿ ಅವನು ಕಾವಲಿದ್ದ ತೆಂಗಿನ ತೋಟದಲ್ಲಿ ಕಳ್ಳರಿರಲಿ, ಅಳಿಲು ಕೂಡ ಕೈಮುಗಿದು ಅಪ್ಪಣೆ ಕೇಳಿ ಎಳನೀರು ಕುಡಿಯುತ್ತಿತ್ತು.

“ಬಳ್ಳಿ ಕೆತ್ತನೆ ಒಂದೆಳೆ ಸವೆದಿಲ್ಲ. ತುಕ್ಕೂ ಇಲ್ಲ,” ಎಂದ ಚನ್ನಬಸವಯ್ಯ.

“ಬೆಲೆ ಹೇಳಣ್ಣ,” ಎಂದ ಸತ್ತವನ ತಮ್ಮ ನಂಜುಂಡಯ್ಯ. “ದಫೇದಾರ್ರು ಬಂದು ಕುಂತವ್ರೆ. ಅಣ್ಣನ ಜೊತೆ ಲೈಸೆನ್ಸೂ ಸತ್ತಂಗಂತೆ. ಬೇಲೂರು ಸಾಹುಕಾರ್ರಿಗೆ ಮಾರೋದಾದ್ರೆ ಇವತ್ತೇ ಬರೆದು ಕೊಡ್ಬೇಕು, ಇಲ್ದಿದ್ರೆ ಸರ್ಕಾರದ ಪಾಲು. ಅತ್ತಿಗೆ ಹೊಟ್ಟೆಪಾಡಿಗೆ ಇನ್ನೇನೈತೆ?”

ಚನ್ನಬಸವಯ್ಯ ಗುಂಡಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಇಣುಕಿದವನು ತಟ್ಟನೆ ಎದ್ದು, ಸತ್ತವನ ಹೆಂಡತಿ ಮುದ್ದಮ್ಮನನ್ನು ಹಿತ್ತಿಲಿಗೆ ಕರೆದ.

“ಮುದ್ದಕ್ಕ, ತೋಟೆಗೆ ಬಡಿಯೋ ಕುದುರೆ ಮೂತೀನೇ ಯಾರೋ ಅರದಲ್ಲಿ ಉಜ್ಜಿ ಹಾಕವ್ರೆ. ಇದ್ರಲ್ಲಿ ಗುಂಡು ಹಾರಾಕಿಲ್ಲ. ಹಳೇ ಗುರುತು, ಇಪ್ಪತ್ತು ವರ್ಷದ್ದು.”

*

ಇಪ್ಪತ್ತು ವರ್ಷದ ಹಿಂದೆ, ಪ್ಲೇಗು ಒಬ್ಬನೇ ಮಗನನ್ನು ಒಯ್ದ ವಾರ, ಮುದ್ದಮ್ಮ ರಿವಾಲ್ವರಿನ ನಳಿಗೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ದೇವೀರಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. “ನಂಗೂ ಯಾರಿಲ್ಲ ಕಣೇ,” ಎಂದ. ಬದುಕಿನಲ್ಲಿ ಅವನು ಉಪ್ಪುಖಾರ ಹಚ್ಚದೆ ಆಡಿದ ಮಾತು ಅದೊಂದೇ.

ಮರುದಿನ ಅದನ್ನು ತೋಟಕ್ಕೆ ಒಯ್ದ. ಸಂಜೆ ತಂದು, ಬೀಗ ಹಾಕದೆ, ಮೊದಲಿನ ಗೂಡಿನಲ್ಲೇ ಇಟ್ಟ. ಇಷ್ಟೆಲ್ಲ ಆದರೂ ನನ್ನನ್ನು ನಂಬಿದನಲ್ಲ ಎಂದುಕೊಂಡೇ ಅವಳು ಬದುಕಿದಳು.

*

“ಅಂಗಾರೆ ನನ್ನ ನಂಬ್ಲಿಲ್ಲ ಅವ್ನು,” ಎಂದಳು ಮುದ್ದಮ್ಮ.

“ಇಪ್ಪತ್ತು ವರ್ಷ ಬರಿಗೈಲಿ ಕಾವಲು ಕಾದ್ನಲ್ಲಕ್ಕ.” ಚನ್ನಬಸವಯ್ಯ ದನಿ ತಗ್ಗಿಸಿದ. “ಇಂಗಿದ್ರೂ ನಕಾಸಿಗೇ ಒಂದು ಜೊತೆ ಎತ್ತಿನ ಬೆಲೆ ಸಿಗ್ತದೆ. ಆದ್ರೆ ಮೂತಿ ಇಲ್ಲ ಅಂತ ನಾನು ಬರೀಲೇಬೇಕು. ನಾಳೆ ಬಾಣಾವರದ ಗಂಟ ಅವನ ಹುಲಿ ಕತೆಗೆ ನಗ್ತಾರೆ.”

ಅವಳು ಕೈಚಾಚಿದಳು. “ಬರೀಬ್ಯಾಡಿ. ಕೊಡಿ ಇಲ್ಲಿ.”

ನೇರ ದಫೇದಾರನ ಮುಂದೆ ಹೋಗಿ ರಿವಾಲ್ವರನ್ನು ಚಾಚಿ ನಿಂತಳು.

“ಅತ್ತಿಗೆ! ಬುದ್ಧಿ ಕೆಟ್ಟೈತಾ?” ಎಂದು ನಂಜುಂಡಯ್ಯ ಕೂಗಿದ.

“ಉಸಾರು ಸ್ವಾಮಿ,” ಎಂದಳು ಮುದ್ದಮ್ಮ. “ಸುಮ್ನೆ ಮುಟ್ಟಿದ್ರೂ ಹಾರ್ತದೆ.”

ತೆಂಗಿನ ಮರದಷ್ಟು ಎತ್ತರದ ದಫೇದಾರ ರುಮಾಲು ಬಿಚ್ಚಿ ಅದರಲ್ಲಿ ರಿವಾಲ್ವರನ್ನು ಇಸಿದುಕೊಂಡ. ಎರಡೂ ಕೈ ಮುಂದಕ್ಕೆ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ಬೇಲೂರು ರಸ್ತೆಗೆ ಇಳಿದ. ಎದುರು ಬಂದವರೆಲ್ಲ ಒಬ್ಬೊಬ್ಬರಾಗಿ ಚರಂಡಿಗೆ ಹಾರಿದರು.