ರಷ್ಯನ್ ಕೊಂದ ಅಜ್ಜ

ಕೊಂಡ್ರಾತ್ ನಲವತ್ತು ದಾಟಿದ್ದ. ಹೆಂಡತಿಯಿದ್ದಳು, ಹಿಮಸಾರಂಗಗಳ ಹಿಂಡಿತ್ತು, ಒಳ್ಳೆಯ ಬಂದೂಕಿತ್ತು. ಅಜ್ಜನೊಬ್ಬ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ರಷ್ಯನ್ ಹೆಸರಿಟ್ಟುಕೊಂಡರೂ ರಷ್ಯನ್ನರಲ್ಲದ ಜನ ಬಾಳುವ, ಉತ್ತರದ ಚುನ್ಯಾ ಹೊಳೆಯ ಆಸುಪಾಸಿನ ಕಾಡಿನಲ್ಲಿ ಕರಡಿಯನ್ನು ಕರಡಿ ಎಂದು ಕರೆಯುವವನು ಒಂದೋ ಹೊರಗಿನವನು, ಇಲ್ಲವೇ ಶತಮೂರ್ಖ. ಅವನು ಅಜ್ಜ. ಅಜ್ಜನ ಕಿವಿ ಬಲು ಚುರುಕು. ಗುಡ್ಡದಾಚೆ ಆಡಿದ ಮಾತೂ ಅವನಿಗೆ ಕೇಳಿಸುತ್ತದೆ. ಸತ್ತ ಮೇಲಂತೂ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ಅಜ್ಜನನ್ನು ಹೊಡೆಯದವನು ಗಂಡಸೇ ಅಲ್ಲ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ಬೇಟೆಗೆ ಹೊರಟಾಗ ನಾಯಿಗಳ ಹಗ್ಗ ತಂದು ಅವನ ಕೈಗೆ ಕೊಡುತ್ತಾರೆ, ಅಷ್ಟೆ. ಕೊಂಡ್ರಾತ್ ಮದುವೆಯಾದಾಗಿನಿಂದ ನಾಯಿ ಹಿಡಿದುಕೊಂಡೇ ಬಂದಿದ್ದ.

ಆ ವರ್ಷ ಎಲೆ ಹಳದಿಯಾಗುವ ಹೊತ್ತಿಗೆ ವಿಷಯ ಬಿಗಡಾಯಿಸಿತು. ಅವನ ಹೆಂಡತಿಯ ಅಣ್ಣ ಪ್ರೊಕೋಪಿ ಕಲ್ಲುಗುಡ್ಡದ ಹಿಂದೆ ಭಾರಿ ಅಜ್ಜನೊಬ್ಬ ಚಳಿಗಾಲಕ್ಕೆ ಗವಿ ತೋಡುತ್ತಿರುವುದನ್ನು ನೋಡಿಕೊಂಡು ಬಂದ. ಗವಿ ಕಂಡವನು ಗವಿಯ ಬಾಯಿಗೆ ನಿಲ್ಲುವಂತಿಲ್ಲ, ಅವನ ಕುಲದವರೂ ನಿಲ್ಲುವಂತಿಲ್ಲ. ಬೇರೆ ಕುಲದ ನೆಂಟನೇ ಮುಂದೆ ನಿಂತು ಹೊಡೆಯಬೇಕು. ಹಿಂದೆಲ್ಲ ಆ ಕೆಲಸಕ್ಕೆ ಪ್ರೊಕೋಪಿಯ ಸೋದರಮಾವನಿದ್ದ. ಅವನು ವಸಂತದಲ್ಲಿ ತೀರಿಕೊಂಡಿದ್ದ. ಈಗ ಹತ್ತಿರದ ನೆಂಟನೆಂದರೆ ಮನೆಯ ಅಳಿಯ ಕೊಂಡ್ರಾತನೇ.

"ಕೆಳಹೊಳೆ ಕಡೆಯಿಂದ ಒಬ್ಬನ್ನ ಕರೆಸೋಣ," ಎಂದ ಅವನ ಮಾವ ಮುದುಕ ಮಾತ್ವೇ, ಚಹಾ ಹೀರುತ್ತ.

"ಯಾಕ್ ಮಾವ? ನಾನಿಲ್ವಾ?"

"ಇದೀಯಪ್ಪ, ಯಾರು ಇಲ್ಲ ಅಂದ್ರು? ನೀನು ಮುಂದೆ ಹೋಗಿ ನಿಂತ್‌ಬಿಟ್ರೆ ನಾಯಿ ಹಿಡ್ಕೊಳೋರು ಯಾರು?"

ಪ್ರೊಕೋಪಿಗೆ ನಗು ಬಂದು ಚಹಾ ಮೂಗಿಗೇರಿತು. ಅದನ್ನಾದರೂ ಸಹಿಸಬಹುದಿತ್ತು. ಹೆಂಡತಿ ಅಗಾಫ್ಯ ತಲೆ ತಗ್ಗಿಸಿ ಬೂದಿಯಲ್ಲಿ ರೊಟ್ಟಿ ಹೊರಳಿಸುತ್ತಿದ್ದಳು. ಅವಳ ಹೆಗಲೂ ಕುಲುಕುತ್ತಿತ್ತು. ಕೆಳಹೊಳೆಯಿಂದ ಪರಕೀಯನೊಬ್ಬ ಬಂದು ತನ್ನ ಡೇರೆಯೆದುರು, ತನ್ನ ಜಾಗದಲ್ಲಿ ನಿಲ್ಲುವುದೆಂದರೆ! ಆಮೇಲೆ ಈ ಹೊಳೆಯಲ್ಲಿ ಮುಖ ತೊಳೆಯುವುದಕ್ಕೂ ನಾಚಿಕೆ.

ಮಾರನೆಯ ಬೆಳಿಗ್ಗೆ ಅಗಾಫ್ಯ ಅವನ ಕೈಗೆ ತೊಗಟೆಯ ಬುಟ್ಟಿ ಕೊಟ್ಟಳು. "ಸುಮ್ನೆ ಮುಖ ಊದಿಸ್ಕೊಂಡು ಕೂತಿರೋ ಬದ್ಲು ಹೊಳೆ ದಂಡೆಯಿಂದ ಕೆಂಪು ಹಣ್ಣಾದ್ರೂ ಕಿತ್ಕೊಂಡ್ ಬಾರಯ್ಯ."

ಹಣ್ಣು ಕೀಳುವುದು ಹೆಂಗಸರ ಕೆಲಸ. ಕೊಂಡ್ರಾತ್ ಹಲ್ಲು ಕಚ್ಚಿಕೊಂಡು, ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಂಡು, ಮರ್ಯಾದೆಗೆಂದು ಬಂದೂಕನ್ನೂ ಹಿಡಿದು ಹೊರಟ. ದಂಡೆಯಲ್ಲಿ ಕೂತು ಒಂದು ಕೈಯಲ್ಲಿ ಹಣ್ಣು ಕೀಳುತ್ತ, ಬಾಯಲ್ಲಿ ಮಾವನ ಇಡೀ ಕುಲವನ್ನು ಬೈಯುತ್ತ ಮುಂದೆ ಮುಂದೆ ಸರಿದ. ಪೊದೆಯ ಆಚೆ ಬದಿಯಲ್ಲಿ ಇನ್ನೊಬ್ಬನೂ ಹಣ್ಣು ತಿನ್ನುತ್ತ ಸರಿಯುತ್ತಿದ್ದ. ಪೊದೆ ಮುಗಿದ ಕಡೆ ಇಬ್ಬರೂ ಎದುರುಬದುರಾದರು.

ಅಜ್ಜ ಎದ್ದು ನಿಂತ. ಬಾಯಿಯೆಲ್ಲ ಕೆಂಪು.

ಕೊಂಡ್ರಾತನ ಕಾಲು ಬೇರಿಗೆ ತಗುಲಿತೋ, ಮೊಣಕಾಲೇ ಸೋತಿತೋ, ಅವನು ಅಂಡೂರಿ ಕೆಳಗೆ ಬಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಬಂದೂಕು ಢಮ್ ಎಂದಿತು. ಆಮೇಲೆ ಏನಾಯಿತೆಂದು ಅವನಿಗೆ ಸರಿಯಾಗಿ ನೆನಪಿಲ್ಲ. ಪ್ರಜ್ಞೆ ಬಂದಾಗ ಪೈನ್ ಮರವೊಂದರ ಮೇಲೆ ಬುಟ್ಟಿಯ ಸಮೇತ ಕೂತಿದ್ದ. ಕೆಳಗೆ ಅಜ್ಜ ಮಲಗಿದ್ದ. ಗುಂಡು ಕಿವಿಯ ಕೆಳಗೆ ಹೊಕ್ಕಿತ್ತು. ಕಣ್ಣು ಬಿಟ್ಟು ಗುರಿಯಿಟ್ಟರೂ ಅಷ್ಟು ಚೆನ್ನಾಗಿ ಹೊಡೆಯುವುದು ಕಷ್ಟ.

ತುಂಬಾ ಹೊತ್ತಿನ ಮೇಲೆ ಕೆಳಗಿಳಿದು, ಟೋಪಿ ತೆಗೆದು, ಪದ್ಧತಿಯಂತೆ ಹೇಳಿದ: "ಅಜ್ಜಾ, ಸಿಟ್ಟಾಗ್ಬೇಡ. ನಾನಲ್ಲ. ರಷ್ಯನ್ ಮಾಡಿದ ಬಂದೂಕು, ತಾನಾಗಿ ಹಾರ್ತು."

ಕೊಂದ ಪ್ರತಿಯೊಬ್ಬನೂ ಹೀಗೆ ಹೇಳಲೇಬೇಕು. ತಲೆತಲಾಂತರದಿಂದ ಬೇಟೆಗಾರರೆಲ್ಲ ಹೇಳಿಕೊಂಡು ಬಂದ ಸುಳ್ಳು ಅದು. ಅದನ್ನು ನಿಜವಾಗಿ ಹೇಳಿದ ಮೊದಲ ಗಂಡಸು ಪ್ರಾಯಶಃ ಕೊಂಡ್ರಾತನೇ.

ಡೇರೆ ತಲಪುವಷ್ಟರಲ್ಲಿ ಆ ನಿಜವನ್ನು ಮನಸ್ಸಿನಲ್ಲಿ ತಿದ್ದಿಯಾಗಿತ್ತು. ಅವನು ಬಿದ್ದಿರಲಿಲ್ಲ, ಮೊಣಕಾಲೂರಿ ಗುರಿಯಿಟ್ಟಿದ್ದ. ಬೇಕೆಂದೇ ಕಿವಿಯ ಕೆಳಗೆ ಹೊಡೆದಿದ್ದ.

"ಹೊಳೆ ದಂಡೇಲಿ ಯಾರೋ ಹಿರಿಯರು ಮಲಗಿದಾರೆ," ಎಂದ, ಹೇಗೆ ಹೇಳಬೇಕೋ ಹಾಗೆ, ಏನೂ ಆಗದವನಂತೆ.

"ಕುಡ್ದಿದೀಯಾ?" ಎಂದ ಪ್ರೊಕೋಪಿ.

ಹೋಗಿ ನೋಡಿದರು. ಗವಿ ತೋಡುತ್ತಿದ್ದ ಭಾರಿ ಅಜ್ಜನಲ್ಲ, ಇವನು ಬೇರೆ. ಪ್ರೊಕೋಪಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮಾತ್ವೇ ಅಜ್ಜನನ್ನು ನೋಡಿದ, ಅಳಿಯನನ್ನು ನೋಡಿದ, ಮತ್ತೆ ಅಜ್ಜನನ್ನು ನೋಡಿದ. ಕೊಂಡ್ರಾತ್ ಎದೆ ಉಬ್ಬಿಸಿ ಕಾದ. ಮುದುಕ ತಲೆಯಾಡಿಸಿ ನಿಟ್ಟುಸಿರಿಟ್ಟ: "ಅಯ್ಯೋ ಪಾಪ. ಯಾವನೋ ರಷ್ಯನ್ ಬಂದು ನಮ್ಮಜ್ಜನ್ನ ಕೊಂದ್‌ಹಾಕಿದಾನೆ."

"ರಷ್ಯನ್ನೇ ಇರ್ಬೇಕು," ಎಂದ ಪ್ರೊಕೋಪಿ, ಚಾಕು ತೆಗೆಯುತ್ತ. "ನಾವಂತೂ ಅಲ್ಲ. ಅಜ್ಜಾ, ಬಿಸಿಲು ಜೋರಾಗಿದೆ, ಕೋಟು ಬಿಚ್ಚೋಣ. ಚುರ್ ಅಂದ್ರೆ ಇರುವೆ ಕಚ್ತು ಅನ್ಕೋ."

ಇಂಥ ಮಾತನ್ನು ಕೊಂಡ್ರಾತ್ ಹತ್ತಾರು ಸಲ ಕೇಳಿದ್ದ, ತಾನೂ ಆಡಿದ್ದ. ಅದು ಇಷ್ಟು ಹೊಟ್ಟೆ ಉರಿಸುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಒಬ್ಬರಾದರೂ ಕಣ್ಣು ಮಿಟುಕಿಸಬಾರದೇ? ತೊಗಲು ಸುಲಿದವನು ಪ್ರೊಕೋಪಿ. ತೊಗಲು ಅವನಿಗೇ ಸೇರಿತು. ಕೊಂದವನು ತನ್ನ ಅಜ್ಜನನ್ನು ಹೆಂಡತಿಯ ಕುಲದವರಿಗೆ ಒಪ್ಪಿಸಬೇಕು, ಅವರು ಹಂಚಬೇಕು. ಕಟ್ಟಳೆ. ಅಂದರೆ ನಲವತ್ತು ವರ್ಷ ಕಾದು ಹೊಡೆದ ಅಜ್ಜನಿಂದ ಕೊಂಡ್ರಾತನಿಗೆ ಸಿಕ್ಕಿದ್ದು ಅಂಡಿನ ನೋವು ಮಾತ್ರ.

ರಾತ್ರಿ ಹೆಂಡತಿಯ ಕಿವಿಯಲ್ಲಿ, "ನೋಡಿದ್ಯಾ?" ಎಂದ.

"ಏನ?"

"ಅದೇ... ಅಜ್ಜನ್ನ."

"ಹೂಂ. ಪಾಪ, ಆ ರಷ್ಯನ್ನಿಗೆ ಕೈ ಹೇಗೆ ಬಂತೋ," ಎಂದು ಅವಳು ಮಗ್ಗುಲಾದಳು.

ಮರುದಿನ ಮಧ್ಯಾಹ್ನ ಊಟ. ಅಜ್ಜನ ತಲೆಯನ್ನು ತೊಗಟೆಯ ತಟ್ಟೆಯಲ್ಲಿಟ್ಟು ಡೇರೆಯೊಳಗೆ, ಬಾಗಿಲಿನೆದುರಿನ ಗೌರವದ ಜಾಗದಲ್ಲಿ ಕೂರಿಸಿದ್ದರು. ಎಲ್ಲರೂ ಮುಖಕ್ಕೆ ಮಸಿ ಬಳಿದುಕೊಂಡು, ತಿನ್ನುತ್ತಿರುವುದು ಮನುಷ್ಯರಲ್ಲ ಕಾಗೆಗಳು ಎಂದು ಅಜ್ಜ ನಂಬಲೆಂದು "ಕುಕ್! ಕುಕ್!" ಎಂದು ಕೂಗಿ ಮಾಂಸಕ್ಕೆ ಕೈ ಹಾಕಿದರು. ಅಷ್ಟರಲ್ಲಿ ನಾಯಿ ಬೊಗಳಿತು. ಬಂದವನು ಗೆನ್ನಾದಿ, ಹೊಳೆಯ ತಿರುವಿನಲ್ಲಿ ಡೇರೆ ಹಾಕಿ ನೆಲದೊಳಗಿನ ಕಲ್ಲು ಹುಡುಕುತ್ತಿದ್ದ ಸರ್ಕಾರಿ ತಂಡದವನು. ಕೆಂಪು ಗಡ್ಡ, ದೊಡ್ಡ ಗಂಟಲು.

"ಅಬ್ಬಬ್ಬಾ! ಏನು ಕರಡಿ!" ಎಂದ, ತಲೆಯನ್ನು ನೋಡಿ. ಎಲ್ಲರೂ ನೆಲ ನೋಡಿದರು. "ಯಾರಪ್ಪ ಹೊಡೆದಿದ್ದು?"

ತಲೆ ಅಲ್ಲೇ ಕೇಳುತ್ತ ಕೂತಿದೆ. ಹಿರಿಯನಾದ ಮಾತ್ವೇ ಗಂಟಲು ಸರಿಮಾಡಿಕೊಂಡು ಹೇಳಿದ: "ರಷ್ಯನ್."

"ಯಾವ ರಷ್ಯನ್? ನಮ್ಮ ತಂಡದಲ್ಲಿ ಬಂದೂಕಿರೋ ರಷ್ಯನ್ ನಾನೊಬ್ನೇ."

"ಗೊತ್ತಿಲ್ಲಪ್ಪ. ರಷ್ಯನ್ ಅಷ್ಟೆ."

"ರಷ್ಯನ್ನೇ," ಎಂದ ಪ್ರೊಕೋಪಿ. "ರಷ್ಯನ್ನೇ," ಎಂದಳು ಹೆಂಗಸರ ಬದಿಯಿಂದ ಅಗಾಫ್ಯ.

ಗೆನ್ನಾದಿ ಹಣೆ ತಟ್ಟಿಕೊಂಡ. "ತಡೀರಿ! ನಿನ್ನೆ ಬೆಳಿಗ್ಗೆ ಹೊಳೆ ದಂಡೇಲಿ ಪೊದೆ ಅಲ್ಲಾಡ್ತು, ಒಂದು ಗುಂಡು ಹಾರಿಸ್ದೆ. ಏನೋ ಓಡ್ತು. ತಪ್ತು ಅಂತ ಬಂದ್‌ಬಿಟ್ಟೆ. ಹಾಗಾದ್ರೆ ನಾನೇ! ನಾನೇ ಕೊಂದೆ!"

ತಾತ ಮುತ್ತಾತಂದಿರ ಕಾಲದಿಂದ ಯಾವನೋ ಇಲ್ಲದ ರಷ್ಯನ್ನನ ಮೇಲೆ ತಪ್ಪು ಹೊರಿಸಿಕೊಂಡು ಬಂದಿದ್ದರು. ಇವತ್ತು ಅವನೇ ನಡೆದುಕೊಂಡು ಬಂದು, ಅಜ್ಜನ ಎದುರೇ, ದೊಡ್ಡ ಗಂಟಲಲ್ಲಿ ಒಪ್ಪಿಕೊಳ್ಳುತ್ತಿದ್ದಾನೆ! ಮಾತ್ವೇಯ ಮುಖ ಮಸಿಯ ಒಳಗಿಂದಲೇ ಬೆಳಗಿತು.

"ಕೂತ್ಕೋ ಮಗಾ, ಕೂತ್ಕೋ," ಎಂದ. "ಹೇಗ್ ಕೊಂದೆ ಅಂತ ಸ್ವಲ್ಪ ಗಟ್ಟಿಯಾಗಿ ಹೇಳು."

ಗೆನ್ನಾದಿ ಹೇಳಿದ. ಮೊದಲು ಪೊದೆ ಅಲ್ಲಾಡಿದ್ದಷ್ಟೇ ಇತ್ತು. ಎರಡನೆಯ ಲೋಟ ಚಹಾ ಮುಗಿಯುವಷ್ಟರಲ್ಲಿ ಕರಡಿ ಮೇಲೆ ಬಿದ್ದಿತ್ತು, ಇವನು ಕಲ್ಲಿನಂತೆ ನಿಂತಿದ್ದ. "ಭುಜ ನೋಡಿ ಇಟ್ಟೆ, ಭುಜಕ್ಕೇ ಬಿತ್ತು!"

ಕೊಂಡ್ರಾತ್ ಕೈಯಲ್ಲಿದ್ದ ಮಾಂಸವನ್ನು ಕೆಳಗಿಟ್ಟ. ತಾನು ಹೇಳಬೇಕೆಂದು ಕಟ್ಟಿಕೊಂಡಿದ್ದ ಸುಳ್ಳನ್ನೆಲ್ಲ ಈ ಕೆಂಪು ಗಡ್ಡದವನು ಒಂದೂ ಬಿಡದೆ ಹೇಳಿ ಮುಗಿಸುತ್ತಿದ್ದಾನೆ!

"ಭುಜಕ್ಕಲ್ಲ," ಎಂದುಬಿಟ್ಟ. "ಕಿವಿ ಕೆಳಗೆ."

"ನಿಂಗೆ ಹೇಗ್ ಗೊತ್ತು?"

ಎಲ್ಲರ ದವಡೆಗಳೂ ನಿಂತವು. ಒಂದು ಮಾತು ಸಾಕಿತ್ತು. 'ನಾನು' ಎಂಬ ಒಂದೇ ಮಾತು. ಅದು ಅವನ ಹಲ್ಲಿನ ಹಿಂದೆ ಬಂದು ಕೂತಿತ್ತು. ಅಜ್ಜನ ತಲೆ ಅವನನ್ನೇ ನೋಡುತ್ತಿತ್ತು, ಅದರ ಪಕ್ಕ ಮಾವನೂ ಅವನನ್ನೇ ನೋಡುತ್ತಿದ್ದ. ಮಾತಾಡಿದರೆ ಮುಗಿಯಿತು, ಬಾಯಿ ಹಿಡಿತವಿಲ್ಲದವನನ್ನು ಗವಿಯ ಹತ್ತಿರ ಯಾರೂ ಬಿಟ್ಟುಕೊಳ್ಳುವುದಿಲ್ಲ, ನಾಯಿ ಹಿಡಿಯಲಿಕ್ಕೂ.

"ಕಾಗೆ ಹೇಳ್ತು," ಎಂದ ಕೊಂಡ್ರಾತ್. ಬೆವರು ಅವನ ಮುಖದ ಮಸಿಯಲ್ಲಿ ಗೆರೆ ಕೊರೆಯುತ್ತಿತ್ತು.

"ಕಾಗೆ! ಒಳ್ಳೇ ಜನ ನೀವು!" ಗೆನ್ನಾದಿ ಬಿದ್ದು ಬಿದ್ದು ನಕ್ಕ. "ಕಿವಿ ಕೆಳಗೇನಾ? ಇನ್ನೂ ಒಳ್ಳೇದಾಯ್ತು. ಸರಿ, ಕೊಂದೋನು ನಾನು, ತೊಗಲು ಕೊಡಿ, ಹೊರಡ್ತೀನಿ."

"ನಮ್ಮಲ್ಲಿ ಕೊಂದೋನಿಗೆ ತೊಗಲಿಲ್ಲ," ಎಂದ ಪ್ರೊಕೋಪಿ ವಿನಯದಿಂದ. "ಕೊಲ್ದೇ ಇದ್ದೋನಿಗೆ. ನೀನು ಕೊಂದಿಲ್ಲ ಅನ್ನೋ ಹಾಗಿದ್ರೆ ಹೇಳು, ಯೋಚ್ನೆ ಮಾಡೋಣ."

ಗೆನ್ನಾದಿ ತೊಗಲನ್ನೊಮ್ಮೆ ನೋಡಿದ. ತೊಗಲು ದೊಡ್ಡದಿತ್ತು. ಆದರೆ ಹೆಸರು ಇನ್ನೂ ದೊಡ್ಡದಾಗಿ ಕಂಡಿರಬೇಕು. ಒಂದು ತುಂಡು ಮಾಂಸ ಕಟ್ಟಿಸಿಕೊಂಡು, ತನ್ನ ತಂಡಕ್ಕೆ ಹೇಳಬೇಕಾದ ಕಥೆಯನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೋದ.

ಅವನ ಧ್ವನಿ ಕೇಳಿಸದಾದ ಮೇಲೆ ಮಾತ್ವೇ ಮುಖ ಒರೆಸಿಕೊಂಡ. "ಕೆಳಹೊಳೆಗೆ ಯಾರನ್ನೂ ಕಳ್ಸೋದು ಬೇಡ," ಎಂದ. "ಕಲ್ಲುಗುಡ್ಡದ ಗವಿಗೆ ಆ ರಷ್ಯನ್ನೇ ನಿಂತ್ಕೊಳ್ಲಿ." ಹೇಳುವಾಗ ಅವನು ನೋಡುತ್ತಿದ್ದದ್ದು ಅಳಿಯನನ್ನು. "ಕೈಯೂ ಗಟ್ಟಿ, ಬಾಯಿ ಹಿಡಿತ ಅದಕ್ಕಿಂತ ಗಟ್ಟಿ."

ಕೊಂಡ್ರಾತನ ಎದೆಯೊಳಗೆ ಬಿಸಿಯಾದದ್ದೇನೋ ಉಕ್ಕಿತು. ಅವನು ಬದುಕಿದ್ದೇ ಈ ಮಾತಿಗಾಗಿ. ಪೂರ್ತಿ ಉಕ್ಕುವ ಮೊದಲೇ ಆ ಗವಿ ನೆನಪಾಯಿತು. ಭಾರಿ ಅಜ್ಜ ಎಂದಿದ್ದ ಪ್ರೊಕೋಪಿ, ಅವನು ಸಣ್ಣದಕ್ಕೆ ಭಾರಿ ಎನ್ನುವವನಲ್ಲ. ಗವಿಯ ಬಾಯಿಯಲ್ಲಿ ಪೊದೆ ಇರುವುದಿಲ್ಲ, ಮರ ಹತ್ತಲು ಹೊತ್ತಿರುವುದಿಲ್ಲ. ಕಣ್ಣು ಮುಚ್ಚಿದರೆ ಎರಡನೆಯ ಸಲವೂ ಗುಂಡು ಕಿವಿಯ ಕೆಳಗೇ ಹೋಗುತ್ತದೆಯೇ?

"ಮಾವ," ಎಂದ. "ನಿಜ ಹೇಳ್ತೀನಿ ಕೇಳಿ. ನಂದೇನೂ ಇಲ್ಲ ಇದ್ರಲ್ಲಿ. ಹೆದ್ರಿ ಅಂಡೂರಿ ಬಿದ್ದೆ. ಕಣ್ಣು ಮುಚ್ಚಿದ್ದೆ. ಬಂದೂಕು ತಾನಾಗಿ ಹಾರ್ತು. ಆಮೇಲೆ ಮರ ಹತ್ತಿ ಕೂತಿದ್ದೆ."

ಮಾತ್ವೇಯ ಕಣ್ಣು ಒದ್ದೆಯಾಯಿತು.

"ಕೇಳಿದ್ಯಾ ಪ್ರೊಕೋಪಿ? ಹೀಗ್ ಮಾತಾಡೋದನ್ನ ಕಲ್ತ್ಕೋ. ನೀನು ಮೊದಲ್ನೇ ಸಲ ಹೊಡ್ದಾಗ ಬಾಯಲ್ಲಿ ನಾನಲ್ಲ ಅಂತಿದ್ದೆ, ಎದೆ ಮಾತ್ರ ಕೋಳಿಹುಂಜದ ಥರ ಇತ್ತು. ಇವ್ನನ್ನ ನೋಡು, ಮರ ಹತ್ತಿದ್ನಂತೆ! ನಾನೂ ನನ್ ಜನ್ಮದಲ್ಲಿ ಇಷ್ಟು ತಗ್ಗಿ ಮಾತಾಡ್ಲಿಲ್ಲ."

"ಬುಟ್ಟಿ ಸಮೇತ ಹತ್ತಿದ್ದೆ ಮಾವ! ನನ್ನಾಣೆ!"

"ಬುಟ್ಟಿ ಸಮೇತ!" ಮುದುಕ ತೊಡೆ ತಟ್ಟಿಕೊಂಡ. ಪ್ರೊಕೋಪಿ ಎದ್ದು ಬಂದು ಭಾವನ ಹೆಗಲ ಮೇಲೆ ಕೈಯಿಟ್ಟು, ಕೊಬ್ಬಿನ ತುಂಡೊಂದನ್ನು ತಾನೇ ಆರಿಸಿ ಅವನ ಮುಂದಿಟ್ಟ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಎದ್ದು ಕಾಣುತ್ತಿತ್ತು.

ಕೊಂಡ್ರಾತ್ ದಿಕ್ಕು ಕಾಣದೆ ಹೆಂಡತಿಯ ಕಡೆ ತಿರುಗಿದ. ಅಗಾಫ್ಯ ಆಗಲೇ ದಾರ ಹಿಡಿದು ಅವನ ಪಾದದ ಅಳತೆ ತೆಗೆದುಕೊಳ್ಳುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಅವನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

"ಹೊಸ ಬೂಟು ಹೊಲೀತೀನಿ," ಎಂದಳು. "ಗವಿ ಬಾಯಲ್ಲಿ ತುಂಬಾ ಹೊತ್ತು ನಿಂತ್ಕೋಬೇಕಾಗತ್ತೆ. ಕಾಲು ಯಾಕಯ್ಯ ಹೀಗ್ ನಡುಗ್ಸ್ತೀಯಾ, ಅಳತೆ ತಪ್ಪತ್ತೆ."